ಅಣ್ಣನ ಮುಖದ ಗುಳ್ಳೆಗಳ ವಿಚಾರವಾಗಿ

ಅತ್ತಿಗೆ, ಶ್ವಾಸಕೋಶದ ಕ್ಯಾನ್ಸರಿಗೆ ಜೆಫಿಟಿನಿಬ್ ಮಾತ್ರೆ ಶುರುವಾದ ಹತ್ತೇ ದಿನಕ್ಕೆ ಅಣ್ಣನ ಮುಖ, ಎದೆಯ ತುಂಬ ಗುಳ್ಳೆಗಳೆದ್ದಿವೆ, ಮಾತ್ರೆ ನಿಲ್ಲಿಸೋಣವೇ ಎಂದು ನೀವು ಕೇಳಿದ್ದೀರಿ. ದಯವಿಟ್ಟು ನಾವಾಗಿ ನಿಲ್ಲಿಸುವುದು ಬೇಡ. ನಮ್ಮ ಅಮ್ಮನೂ ಇದೇ ಮಾತ್ರೆ ನುಂಗಿದವರಾದ್ದರಿಂದ, ಆಗ ಡಾಕ್ಟರು ವಿವರಿಸಿದ್ದನ್ನೂ ನಾವು ಎಡವಿದ್ದನ್ನೂ ಹೇಳುತ್ತೇನೆ.

ಈ ಮಾತ್ರೆ ಇ.ಜಿ.ಎಫ್.ಆರ್. ಎಂಬ ಪ್ರೋಟೀನಿನ ಕೆಲಸವನ್ನು ತಡೆಯುತ್ತದೆ. ಗೆಡ್ಡೆ ಬೆಳೆಯುವುದು ಅದರ ಬಲದಿಂದ. ಆದರೆ ಚರ್ಮದ ತಳಪದರ, ಕೂದಲಿನ ಬುಡ, ಉಗುರಿನ ಅಂಚುಗಳೂ ಅದನ್ನೇ ನೆಚ್ಚಿಕೊಂಡಿರುವುದರಿಂದ ಅಲ್ಲಿಗೂ ಪೆಟ್ಟು ತಗಲುತ್ತದೆ. ಮೊದಲ ಎರಡು ವಾರಗಳಲ್ಲಿ ಏಳುವ ಇಂಥ ಗುಳ್ಳೆಗಳು ಮೊಡವೆಯಂತೆ ಕಂಡರೂ ಮೊಡವೆಯಲ್ಲ, ಅಂಟುವುದೂ ಇಲ್ಲ. ಅಣ್ಣ ಮೊಮ್ಮಗುವನ್ನು ಎತ್ತಿಕೊಳ್ಳಲು ಹಿಂಜರಿಯಬೇಕಿಲ್ಲ.

ನಾವು ಮೊಡವೆಯೆಂದೇ ತಿಳಿದು, ಮೆಡಿಕಲ್ ಶಾಪಿನವರು ಕೊಟ್ಟ ಬೆಂಜಾಯ್ಲ್ ಪೆರಾಕ್ಸೈಡ್ ಕ್ರೀಮನ್ನು ಹಚ್ಚಿದ್ದೆವು. ಚರ್ಮ ಒಣಗಿ ಬಿರಿದು, ಅಮ್ಮ ಉರಿಯಿಂದ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಚಿಕ್ಕಮ್ಮ ಪ್ರೀತಿಯಿಂದಲೇ ಸೂಚಿಸಿರುವ ಕಡಲೆಹಿಟ್ಟು, ನಿಂಬೆರಸದ ಲೇಪವನ್ನೂ ಅದೇ ಕಾರಣಕ್ಕೆ ಬೇಡವೆನ್ನುತ್ತೇನೆ.

ಕೊನೆಗೆ ಅಮ್ಮನಿಗೆ ಹಿತವಾದದ್ದು ಉಗುರುಬೆಚ್ಚನೆಯ ನೀರಿನ ಸ್ನಾನ, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಡಾಕ್ಟರು ಬರೆದುಕೊಟ್ಟ ಸೌಮ್ಯ ಸ್ಟೆರಾಯ್ಡ್ ಮುಲಾಮು ಮತ್ತು ಉರಿಯೂತ ತಗ್ಗಿಸಲು ಕೆಲವು ವಾರ ಕೊಟ್ಟ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್. ಇದನ್ನು ಅಣ್ಣನಿಗೂ ಬರೆದರೆ, ತುಂಬು ಲೋಟ ನೀರಿನೊಡನೆ ನುಂಗಿ, ಕೂಡಲೇ ಮಲಗದಿರಲಿ. ಅದು ಬಿಸಿಲಿನ ಪೆಟ್ಟನ್ನು ಹೆಚ್ಚಿಸುವುದರಿಂದ ಎಸ್‌.ಪಿ.ಎಫ್. 30ರ ಸನ್‌ಸ್ಕ್ರೀನ್ ಹಚ್ಚಲೇಬೇಕು. ಬೆಂಗಳೂರಿನ ತಂಗಾಳಿಯಲ್ಲಿ ಬಿಸಿಲು ಸುಡುವುದು ತಿಳಿಯುವುದಿಲ್ಲ. ಲಾಲ್‌ಬಾಗಿನ ವಾಕಿಂಗನ್ನು ಬೆಳಗ್ಗೆ ಏಳೂವರೆಯೊಳಗೆ ಮುಗಿಸಿಬಿಡಲಿ. ತಿಂಗಳೆರಡು ತಿಂಗಳ ಮೇಲೆ ಉಗುರುಸುತ್ತು ಬರಬಹುದು, ಉಗುರನ್ನು ತೀರ ಒತ್ತಿ ಕತ್ತರಿಸಬೇಡಿ.

ಗುಳ್ಳೆ ಹೆಚ್ಚಿದ್ದಷ್ಟೂ ಮಾತ್ರೆ ಚೆನ್ನಾಗಿ ಹಿಡಿದಿದೆ ಎಂದು ಮಾವ ಬರೆದಿದ್ದಾರೆ. ಅಧ್ಯಯನಗಳಲ್ಲಿ ಅಂಥ ನಂಟು ಕಂಡಿರುವುದು ನಿಜ, ಆದರೆ ಅದನ್ನು ನಂಬಿ ಅಣ್ಣ ಉರಿ ಸಹಿಸಿಕೊಂಡು ಕೂರಬಾರದು. ಮಾತ್ರೆಯ ಫಲ ತಿಳಿಯುವುದು ಸ್ಕ್ಯಾನಿನಿಂದ. ಗುಳ್ಳೆ ತೀರ ಹೆಚ್ಚಾದರೆ ಮಾತ್ರೆಯನ್ನು ಕೆಲವು ದಿನ ಬಿಟ್ಟು ಮತ್ತೆ ಶುರುಮಾಡುವ ತೀರ್ಮಾನ ಡಾಕ್ಟರದು. ಜ್ವರ, ಕೀವು, ಬಾಯಿಹುಣ್ಣು, ಕಣ್ಣುನೋವು ಅಥವಾ ಚರ್ಮ ಸುಲಿಯುವುದು ಕಂಡರೆ ಮಾತ್ರ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಹೊರಟುಬಿಡಿ, ನನಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ.

ನಾಳೆ ಒ.ಪಿ.ಡಿ.ಗೆ ನಾನೂ ಬರುತ್ತೇನೆ. ಹಗಲು ಬೆಳಕಿನಲ್ಲಿ ಮುಖದ, ಎದೆಯ ಫೋಟೊ ತೆಗೆದಿಡಿ. ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಡಿ.