ಅಪ್‌ಡೇಟ್: ಲಂಟಾನ ತಿಂದ ಹಸುವಿನ ಚರ್ಮ ಸುಲಿಯುವುದು ಯಾಕೆ

ಬೇಲಿಯ ಲಂಟಾನ ಮೇಯ್ದ ಹಸುವಿನ ಮೂತಿ ಸುಲಿದು ಕಣ್ಣು ಹಳದಿಯಾಗಿದೆ, ಇದು ಬಿಸಿಲಿನ ಕಾಟವೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಪಶುವೈದ್ಯರು ಲಂಟಾನ ವಿಷವೆಂದೇ ಹೇಳಿದರು. ಹಸು ಈಗ ಮೇವು ಮುಟ್ಟುತ್ತಿದೆ.

ಎಲೆಯಲ್ಲಿರುವ ಲಂಟಾಡಿನ್ ಎಂಬ ವಿಷ ಯಕೃತ್ತಿಗೆ ಪೆಟ್ಟು ಕೊಟ್ಟು ಪಿತ್ತದ ಹರಿವು ತಡೆಯುತ್ತದೆ. ಹಸಿರು ಮೇವಿನ ಪತ್ರಹರಿತ್ತಿನಿಂದ ಹೊಟ್ಟೆಯಲ್ಲಿ ಹುಟ್ಟುವ, ಬೆಳಕಿಗೆ ಕೆರಳುವ ಫಿಲೋಎರಿಥ್ರಿನ್ ಎಂಬ ವಸ್ತು ಆಗ ಹೊರಹೋಗದೆ ರಕ್ತಕ್ಕೆ ಸೇರುತ್ತದೆ. ಅದು ಚರ್ಮ ತಲುಪಿದ ಮೇಲೆ ಬಿಸಿಲು ತಾಗಿದೊಡನೆ ಬಿಳಿ ಚರ್ಮ, ಕೂದಲು ಕಡಿಮೆಯಿರುವ ಜಾಗ ಸುಡುತ್ತದೆ. ಮುಲಾಮು ಹಚ್ಚಿ ಬಿಸಿಲಲ್ಲೇ ಕಟ್ಟಿದರೆ ಪ್ರಯೋಜನವಿಲ್ಲ, ನೆರಳು ಮೊದಲು. ಮೆಲುಕು ನಿಂತು ಎಲೆ ಹೊಟ್ಟೆಯಲ್ಲೇ ಉಳಿಯುವುದರಿಂದ ವಿಷ ದಿನಗಟ್ಟಲೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅದಕ್ಕೇ ವೈದ್ಯರು ವಿಷ ಹೀರುವ ಸಕ್ರಿಯ ಇದ್ದಿಲನ್ನು (activated charcoal) ಹಸುವಿನ ಪ್ರತಿ ಕೆ.ಜಿ. ತೂಕಕ್ಕೆ 5 ಗ್ರಾಂನಂತೆ ಹೊಟ್ಟೆಗೆ ಟ್ಯೂಬ್ ಇಳಿಸಿ ಕೊಡುವುದು. ಒಲೆಯ ಇದ್ದಿಲು ಇದಕ್ಕೆ ಬಾರದು. ನೀವೇ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದೀತು.

ಗಿಡ ಬರೀ ಕಡಿದರೆ ಮತ್ತೆ ಚಿಗುರುತ್ತದೆ. ನೆಲಮಟ್ಟದಿಂದ 3–5 ಸೆಂ.ಮೀ. ಕೆಳಗೆ ತಾಯಿಬೇರು ಕತ್ತರಿಸಿ, ಗಿಡವನ್ನು ಬುಡಮೇಲಾಗಿಸಿ ಒಣಗಿಸಿ. ಹಣ್ಣಾಗುವ ಮೊದಲೇ ಮುಗಿಸಬೇಕು. ಹಕ್ಕಿ ಕೂರುವ ಮರದಡಿ ಸಸಿಗಳು ಮತ್ತೆ ಏಳುತ್ತವೆ, ಮಳೆ ಬಿದ್ದ ಮೇಲೆ ಅಲ್ಲಿ ಇನ್ನೊಮ್ಮೆ ಕೀಳಿ. ಒಣಗಿದ ಎಲೆಯೂ ವಿಷವೇ, ರಾಶಿಯನ್ನು ದನದ ಬಾಯಿಗೆ ಸಿಗದಂತೆ ಇಡಿ.