ಅಪ್‌ಡೇಟ್: ವ್ಯಸನಮುಕ್ತಿ ಕೌನ್ಸೆಲರ್ ತರಬೇತಿಗೆ ಸೇರಿದೆ

ಕುಡಿತ, ಡ್ರಗ್ಸ್ ಬಿಡಲು ನೆರವಾಗುವ ಕೌನ್ಸೆಲರ್ ಆಗಲು ಮೊದಲ ಹಂತದ ಸರ್ಟಿಫಿಕೇಟ್ ಸಾಕಾ, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಪಡೆಯುವ ತರಬೇತಿಯೂ ಬೇಕಾ ಅಂತ ಕೇಳಿದ್ದೆನಲ್ಲ, ಎರಡೂ ಬೇಕು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕ್ಲಾಸಿನಲ್ಲಿ ಈ ಕೆಲಸದ 12 ಮುಖ್ಯ ಹೊಣೆಗಳನ್ನು ಕಲಿಸುತ್ತಾರೆ, ಮೊದಲ ತಪಾಸಣೆ, ಚಿಕಿತ್ಸೆಯ ಯೋಜನೆ, ದಾಖಲೆ ಬರೆಯುವುದು ಹೀಗೆ. ಅದು ಓದಿದರೆ ಬರುತ್ತದೆ. ಆದರೆ ಎದುರಿಗೆ ಕೂತವರು ‘ನನಗೇನೂ ಆಗಿಲ್ಲ, ಮನೆಯವರು ಸುಮ್ನೆ ಕರ್ಕೊಂಡು ಬಂದ್ರು’ ಅಂದಾಗ ವಾದಕ್ಕೆ ಇಳಿಯದೆ, ಬಿಡಬೇಕು ಅನ್ನುವ ಕಾರಣ ಅವರ ಬಾಯಿಂದಲೇ ಬರುವ ಹಾಗೆ ಮಾತಾಡಿಸುವುದಿದೆಯಲ್ಲ, ಅದು ಮೇಲ್ವಿಚಾರಕರು ಪಕ್ಕದಲ್ಲೇ ಕೂತು ನೋಡಿ ತಿದ್ದಿದಾಗ ಮಾತ್ರ ಬರುತ್ತದೆ. ಹೀಗೆ ಮಾತಾಡಿಸುವುದಕ್ಕೆ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅಂತಾರೆ, ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ಇದರ ಬಗ್ಗೆ ಬರೆದರು.

ಇನ್ನೊಂದು. ಜಾಸ್ತಿ ಕುಡಿಯುವವರು ದಿಢೀರ್ ನಿಲ್ಲಿಸಿದರೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಅದು ಡಾಕ್ಟರ ಕೆಲಸ. ನಾವು ಎಲ್ಲಿ ನಿಲ್ಲಬೇಕು ಅಂತ ನಮ್ಮ ಮೇಡಂ ಮತ್ತೆ ಮತ್ತೆ ಕೇಳುತ್ತಾರೆ, ಈ ತರಬೇತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೇ.

ಸೇರುವವರು ಮೊದಲೇ ಕೇಳಿಕೊಳ್ಳಿ: ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿದ ಗಂಟೆಗಳಿಗೆ ಸಹಿ ಹಾಕುವವರು ಯಾರು, ಆ ಸಹಿಯನ್ನು ಸರ್ಟಿಫಿಕೇಟ್ ಕೊಡುವವರು ಒಪ್ಪುತ್ತಾರಾ?