ಕತ್ಸುಓಬುಶಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಜಪಾನಿ ಅಡುಗೆಯ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸುಶಿ, ಸಾಶಿಮಿ ಎರಡನ್ನೂ ಹಾಗೇ ಇಟ್ಟೆ. (ಸುಶಿ ಅಂದ್ರೆ ಹಸಿ ಮೀನು ಅನ್ನುವವರು ಇನ್ನೂ ಇದ್ದಾರೆ. ಅದು ಸಾಶಿಮಿ. ಸುಶಿಗೆ ಬೇಕಾದ್ದು ವಿನೆಗರ್ ಬೆರೆಸಿದ ಅನ್ನ.) ತೊಡಕಾಗಿರುವುದು ಕತ್ಸುಓಬುಶಿ, ಅಂದ್ರೆ ಹೊಗೆಯಲ್ಲಿ ಒಣಗಿಸಿ ಗಟ್ಟಿ ಮಾಡಿದ ಮೀನು.

ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಒಣ ಬೊನಿಟೊ. ಅದನ್ನೇ ನೋಡಿ ನಾವೂ ಹಾಗೇ ಬರೆದರೆ ಎರಡು ಎಡವಟ್ಟು. ಕತ್ಸುಓ ಅನ್ನುವುದು ಸ್ಕಿಪ್‌ಜಾಕ್ ಟ್ಯೂನಾ, ಬೊನಿಟೊ ಬೇರೆ ಮೀನು. ಇನ್ನು ಒಣ ಮೀನು ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಉಪ್ಪು ಹಾಕಿ ಬಿಸಿಲಿಗಿಟ್ಟ ಬಂಗುಡೆ. ಇದಕ್ಕೆ ಉಪ್ಪೇ ಹಾಕುವುದಿಲ್ಲ. ಮೀನನ್ನು ಸೀಳಿ, ಬಿಸಿನೀರಲ್ಲಿ ಬೇಯಿಸಿ, ಮುಳ್ಳು ತೆಗೆದು, ಸೌದೆಯ ಹೊಗೆಯಲ್ಲಿ ಮತ್ತೆ ಮತ್ತೆ ಒಣಗಿಸುತ್ತಾರೆ. ಅಲ್ಲಿಗೆ ನಿಲ್ಲಿಸಿದರೆ ಅರಾಬುಶಿ. ಅದರ ಮೇಲೆ ಬೇಕೆಂದೇ ಬೂಸ್ಟು ಬೆಳೆಸಿ, ಬಿಸಿಲಿಗಿಟ್ಟು, ಮತ್ತೆ ಬೂಸ್ಟು ಹಿಡಿಸಿದರೆ ಕರೆಬುಶಿ. ತಿಂಗಳುಗಟ್ಟಲೆ ಕೆಲಸ. ಕೊನೆಗೆ ಕೈಗೆ ಬರುವುದು ಕೊರಡಿನಂಥ ತುಂಡು, ಒಂದಕ್ಕೊಂದು ತಟ್ಟಿದರೆ ಮರದ ಸದ್ದೇ. ಚಾಕುವಿಗೆ ಬಗ್ಗುವುದಿಲ್ಲ. ಬಡಗಿಯ ಉಜ್ಜುಗೊರಡನ್ನು ಬೋರಲಾಗಿಸಿ ಪೆಟ್ಟಿಗೆಯ ಮೇಲೆ ಕೂರಿಸಿದಂಥ ಒಂದು ಸಾಧನವಿದೆ, ಅದರ ಮೇಲೆ ಹೆರೆಯಬೇಕು. ಹೀಗೆ ಹೆರೆದ ತೆಳ್ಳನೆಯ ಚೂರುಗಳನ್ನು ಬಿಸಿ ಒಕೊನೊಮಿಯಾಕಿ (ಎಲೆಕೋಸು ಹಾಕಿದ ದಪ್ಪ ದೋಸೆಯಂಥದ್ದು) ಮೇಲೆ ಉದುರಿಸಿದರೆ ಹಬೆಗೆ ನುಲಿದುಕೊಂಡು ಕುಣಿಯುತ್ತವೆ.

ಆ ಚೂರುಗಳಿಗೆ ಏನೆನ್ನಬೇಕು? ‘ಮೀನಿನ ಚಕ್ಕೆ’ ಅಂದುಕೊಂಡೆ. ಆದರೆ ನಮ್ಮ ಅಡುಗೆಮನೆಯಲ್ಲಿ ಚಕ್ಕೆ ಅಂದ್ರೆ ದಾಲ್ಚಿನ್ನಿ, ಪಕ್ಕದಲ್ಲೇ ಲವಂಗ ಹುಡುಕುತ್ತಾರೆ. ‘ಮೀನಿನ ಪುಡಿ’ ಅಂತೂ ಸುಳ್ಳು. ‘ಮೀನಿನ ಹೆರೆ’ ನನಗೆ ಹಿಡಿಸಿದೆ. ಕಾಯಿ ಹೆರೆಯುವವರಿಗೆ ಸುಲಭವಾಗಿ ಹೊಳೆಯುತ್ತದೆ. ನಿಮಗೆ ಹೇಗನಿಸುತ್ತೆ?

ಇಡೀ ತುಂಡಿಗೆ ನಮ್ಮ ಹತ್ತಿರವೇ ಒಬ್ಬ ನೆಂಟನಿದ್ದಾನೆ: ಲಕ್ಷದ್ವೀಪದ ಮಾಸ್‌ಮೀನ್. ಅಲ್ಲಿನ ಮಿನಿಕಾಯ್ ದ್ವೀಪದಲ್ಲಿ ಅದೇ ಜಾತಿಯ ಮೀನನ್ನು ಬೇಯಿಸಿ, ಹೊಗೆಗಿಟ್ಟು, ಬಿಸಿಲಲ್ಲಿ ಒಣಗಿಸುತ್ತಾರೆ. ಬೂಸ್ಟಿನ ಹಂತ ಮಾತ್ರ ಇಲ್ಲ. ಶ್ರೀಲಂಕಾದವರು ಇಂಥದ್ದನ್ನೇ ಉಂಬಲಕಡ ಎಂದು ಕರೆದು ಸಂಬೋಲಕ್ಕೆ (ಚಟ್ನಿಯಂಥದ್ದು) ಹಾಕುತ್ತಾರೆ. ಲಕ್ಷದ್ವೀಪದ್ದೇ ಆದ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಬಂದರಿಗೂ ದ್ವೀಪಗಳಿಗೂ ಹಳೇ ವ್ಯಾಪಾರ. ಹಾಗಾಗಿ ಬಂದರಿನ ಕಡೆಯವರನ್ನು ಕೇಳುತ್ತಿದ್ದೇನೆ: ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಿದ್ದಿರಿ? ತುಳು, ಬ್ಯಾರಿ, ಕೊಂಕಣಿ ಯಾವುದಾದರೂ ಸರಿ.

ಇನ್ನು ಕಾಗುಣಿತ. ಜಪಾನಿಯ ತ, ದ ನಮ್ಮ ತ, ದಗಳ ಹಾಗೇ ಹಲ್ಲಿಗೆ ತಾಗುವ ಸದ್ದುಗಳು. ಇಂಗ್ಲಿಷ್ ಮೂಲಕ ಬಂದಾಗ ಸುಮ್ನೆ ಟ, ಡ ಆಗಿಬಿಡುತ್ತವೆ. ದಾಶಿ (ಕತ್ಸುಓಬುಶಿ, ಕಡಲಕಳೆಗಳಿಂದ ತೆಗೆಯುವ ತಿಳಿಸಾರು), ತೆಂಪುರಾ, ತಾಕೊ ಎಂದು ನೇರವಾಗಿ ಬರೆಯೋಕೆ ನಮ್ಮ ಲಿಪಿಗೆ ಯಾವ ಕಷ್ಟವೂ ಇಲ್ಲ. ಡಾಶಿ, ಟೆಂಪುರಾ ಯಾಕೆ ಬೇಕು? ಟೋಕಿಯೊ ಬೇರೂರಿದೆ, ಅದು ಇರಲಿ.

ಆದರೆ ಕೊಂಬು? 1908ರಲ್ಲಿ ಜಪಾನಿ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಉಮಾಮಿ ಎಂಬ ಐದನೇ ರುಚಿಯ ಮೂಲ ಹುಡುಕಿದ್ದು ಇದೇ ಕಡಲಕಳೆಯಲ್ಲಿ. ‘ಕೊಂಬನ್ನು ನೀರಲ್ಲಿ ನೆನೆಸಿ’ ಎಂದು ಬರೆದರೆ ಓದುಗರು ಯಾವ ಎಮ್ಮೆಯದು ಅಂತ ಕೇಳ್ತಾರೆ ಅಲ್ವಾ? ಸದ್ಯಕ್ಕೆ ‘ಕೊಂಬು ಕಡಲಕಳೆ’ ಅಂತ ಜೋಡಿಸಿ ಬರೆದಿದ್ದೇನೆ, ಸ್ವಲ್ಪ ಉದ್ದವಾಯಿತು.

ಪದ ಕೂರಬೇಕಾದ ವಾಕ್ಯ ಹೀಗಿದೆ. ಬಿಟ್ಟ ಜಾಗ ತುಂಬಿಸಿ ಕಳಿಸಿ:

‘ನೀರು ಕುದಿಯುವ ಮೊದಲೇ ಕೊಂಬು ಕಡಲಕಳೆ ತೆಗೆದುಬಿಡಿ. ಆಮೇಲೆ ಒಂದು ಹಿಡಿ ———— ಹಾಕಿ, ಒಲೆ ಆರಿಸಿ, ಅದು ತಳಕ್ಕಿಳಿದ ಮೇಲೆ ಬಟ್ಟೆಯಲ್ಲಿ ಸೋಸಿ.’